ಹತ್ತು ಮೀಟರ್ ಹಿಂದೆ, ಐದು ಮೀಟರ್ ಮುಂದೆ: ಪುಣೆಯ ಒಂದು ರಿಲೇ ಮರು-ಓಟದ ಪ್ರಕರಣ ಅಧ್ಯಯನ

ಹದಿನೆಂಟರೊಳಗಿನ ಹುಡುಗಿಯರ 4×100 ಮೀಟರ್ ರಿಲೇ. ಆರು ತಂಡ, ಹೀಟ್ಸ್ (ಅರ್ಹತಾ ಸುತ್ತು) ಇಲ್ಲದೆ ನೇರ ಫೈನಲ್. ಓಟ ಮುಗಿದದ್ದು ಒಂದು ನಿಮಿಷದೊಳಗೆ, ಅದರ ಫಲಿತಾಂಶ ಗಟ್ಟಿಯಾದದ್ದು ಸಂಜೆ ಐದರ ಹೊತ್ತಿಗೆ. ನಡುವೆ ಒಂದು ತಂಡ ಅನರ್ಹವಾಗಿ ಮತ್ತೆ ಅರ್ಹವಾಯಿತು. ಇನ್ನೊಂದು ತಂಡದ ಆಕ್ಷೇಪಣೆ ರೆಫರಿಯ ಹತ್ತಿರ ಬಿದ್ದುಹೋಗಿ ಮೇಲ್ಮನವಿ ಕೇಳುವ ಜ್ಯೂರಿಯ ಹತ್ತಿರ ಎದ್ದು ನಿಂತಿತು. ಯಾವ ತಪ್ಪನ್ನೂ ಮಾಡದ ಮೂರನೆಯ ತಂಡ ಪದಕ ಕಳೆದುಕೊಂಡಿತು. ಇಷ್ಟಕ್ಕೆಲ್ಲ ಕಾರಣ ಒಂದೇ ಟ್ರ್ಯಾಕಿನ ಮೇಲೆ ಬ್ಯಾಟನ್ ಹಸ್ತಾಂತರದ ಮೂರು ಝೋನುಗಳನ್ನು ಮೂರು ಬಗೆಯಲ್ಲಿ ಅಳೆದದ್ದು.

ಮಹಾರಾಷ್ಟ್ರ ಮತ್ತು ಗೋವಾದಲ್ಲಿ ನೆಲೆಸಿದ ಕನ್ನಡಿಗರ ಸಂಘಗಳು ಸೇರಿ ಪುಣೆಯಲ್ಲಿ ನಡೆಸಿದ ವಲಯ ಮಟ್ಟದ ಕ್ರೀಡಾಕೂಟ ಅದು. ಕಬಡ್ಡಿ, ಖೋ ಖೋ, ಥ್ರೋಬಾಲ್, ಜೊತೆಗೆ ಎರಡು ದಿನದ ಅಥ್ಲೆಟಿಕ್ಸ್. ಕೂಟದ, ಮೈದಾನದ, ವ್ಯಕ್ತಿಗಳ ಹೆಸರು ಇಲ್ಲಿ ಬೇಕಿಲ್ಲ. ತಂಡಗಳನ್ನು ಲೇನ್ ಮತ್ತು ಊರಿನಿಂದ ಕರೆದರೆ ಸಾಕು: 2ರಲ್ಲಿ ಕೊಲ್ಹಾಪುರ, 3ರಲ್ಲಿ ಮುಂಬೈ, 4ರಲ್ಲಿ ಪುಣೆ, 5ರಲ್ಲಿ ಗೋವಾ, 6ರಲ್ಲಿ ಸೊಲ್ಲಾಪುರ, 7ರಲ್ಲಿ ಸಾಂಗ್ಲಿ.

ಬಾಲೇವಾಡಿಯಲ್ಲಿ 1994ರ ರಾಷ್ಟ್ರೀಯ ಕ್ರೀಡಾಕೂಟ, 2008ರ ಕಾಮನ್‌ವೆಲ್ತ್ ಯೂತ್ ಗೇಮ್ಸ್, 2013ರ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ನಡೆಸಿದ ಊರು ಇದು. ನಿಯಮ ಬಲ್ಲವರಿಗೆ ಇಲ್ಲಿ ಬರವಿಲ್ಲ. ಆದರೆ ಸಮುದಾಯದ ಕೂಟಕ್ಕೆ ಭಾನುವಾರ ಸಿಗುವವರು ಇಬ್ಬರು ಮೂವರು ಅನುಭವಿಗಳು, ಒಬ್ಬಿಬ್ಬರು ನಿವೃತ್ತ ಪಿ.ಟಿ. ಮೇಷ್ಟ್ರು, ಉಳಿದಂತೆ ಟೀ ಶರ್ಟ್ ಹಾಕಿಕೊಂಡ ಕಾಲೇಜು ಹುಡುಗರು. ಈ ಮಿಶ್ರಣ ಓಟ, ಜಿಗಿತಗಳಿಗೆಲ್ಲ ಸಾಕಾಗುತ್ತದೆ. ರಿಲೇಗೆ ಸಾಲದು. ರಿಲೇಯಲ್ಲಿ ಒಂದೇ ಹೊತ್ತಿಗೆ ಮೂರು ಕಡೆ, ಆರು ಲೇನುಗಳಲ್ಲಿ, ಮೀಟರಿನ ಲೆಕ್ಕದಲ್ಲಿ ತೀರ್ಪು ಕೊಡಬೇಕು.

ಝೋನಿನ ಲೆಕ್ಕ

ವಿವಾದ ಅರ್ಥವಾಗಬೇಕಾದರೆ ಈ ಅಳತೆ ಮೊದಲು ತಲೆಯಲ್ಲಿ ಕೂರಬೇಕು.

4×100ರಲ್ಲಿ ಪ್ರತಿ ನೂರು ಮೀಟರಿಗೆ ಒಂದು ಗೆರೆ. ನಿಯಮ ಅದನ್ನು ಸ್ಕ್ರ್ಯಾಚ್ ಲೈನ್ ಎನ್ನುತ್ತದೆ, ಇಲ್ಲಿ ನೂರರ ಗೆರೆ ಎನ್ನೋಣ. ಬ್ಯಾಟನ್ ಕೈ ಬದಲಾಗಬೇಕಾದ ಜಾಗವೇ ಝೋನ್. 2017ರವರೆಗಿನ ನಿಯಮದಲ್ಲಿ ಅದು 20 ಮೀಟರ್: ಗೆರೆಯ ಹಿಂದೆ 10, ಮುಂದೆ 10. ಆ ಝೋನಿಗೂ ಹಿಂದೆ ಇನ್ನೊಂದು 10 ಮೀಟರ್ ವೇಗ ಹಿಡಿಯುವ ಜಾಗ. ಅಲ್ಲಿಂದ ಓಟ ಶುರು ಮಾಡಬಹುದಿತ್ತು, ಬ್ಯಾಟನ್ ಮುಟ್ಟುವಂತಿರಲಿಲ್ಲ. 2017ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮ ಈ ಎರಡನ್ನೂ ಸೇರಿಸಿ 30 ಮೀಟರಿನ ಒಂದೇ ಝೋನ್ ಮಾಡಿತು. ಅಂದರೆ ಗೆರೆಯ ಹಿಂದೆ 20, ಮುಂದೆ 10. ಝೋನಿನ ಕೊನೆ ಒಂದಿಂಚೂ ಕದಲಲಿಲ್ಲ, ಶುರು ಮಾತ್ರ 10 ಮೀಟರ್ ಹಿಂದೆ ಹೋಯಿತು.

ಓಡುವವರಿಗೆ ಇದರಿಂದ ಆದ ವ್ಯತ್ಯಾಸ ಕಡಿಮೆ. ಅವರು ಮೊದಲೂ ಅಲ್ಲಿಂದಲೇ ಓಡುತ್ತಿದ್ದರು, ಈಗಲೂ ಅಲ್ಲಿಂದಲೇ ಓಡುತ್ತಾರೆ. ಬದಲಾದದ್ದು ಅಂಪೈರ್ ನೋಡಬೇಕಾದ ಗೆರೆ. 2016ರ ರಿಯೋ ಒಲಿಂಪಿಕ್ಸಿನ ಪುರುಷರ ಫೈನಲ್ಲಿನಲ್ಲಿ ಮೂರನೆಯದಾಗಿ ಗುರಿ ಮುಟ್ಟಿದ ಅಮೆರಿಕ ತಂಡ ಅನರ್ಹವಾಗಿ ಕಂಚು ಕೆನಡಾಕ್ಕೆ ಹೋಯಿತಲ್ಲ, ಅಲ್ಲಿ ನಡೆದದ್ದು ಇದೇ. ಝೋನ್ ಶುರುವಾಗುವ ಮುನ್ನವೇ ಮುಂದಿನವನ ಕೈ ಬ್ಯಾಟನ್ನಿಗೆ ತಗುಲಿತ್ತು. ಈಗಿನ ಅಳತೆಯಲ್ಲಿ ಅದೇ ಹಸ್ತಾಂತರ ಝೋನಿನ ಒಳಗೇ ಬೀಳುತ್ತಿತ್ತು.

ತೊಡಕು ಇರುವುದು 4×400ರಲ್ಲಿ. ಅದರ ಝೋನ್ ಇಂದಿಗೂ 20 ಮೀಟರ್, ಗೆರೆ ಸರಿಯಾಗಿ ನಡುವೆ. ಹೀಗೆ ಒಂದೇ ಕೂಟದಲ್ಲಿ ಒಂದು ರಿಲೇಗೆ ಗೆರೆ ನಡುವೆ, ಇನ್ನೊಂದಕ್ಕೆ ಗೆರೆ ಮೂರನೇ ಎರಡು ಭಾಗದಲ್ಲಿ. ಹಳೆಯ ಟ್ರ್ಯಾಕುಗಳಲ್ಲಿ ಬಣ್ಣವೂ ಹಳೆಯದೇ. ಹೊಸ ಹೊದಿಕೆ ಹಾಕುವವರೆಗೆ ಯಾರೂ ಗುರುತುಗಳನ್ನು ತಿದ್ದಲು ಹೋಗುವುದಿಲ್ಲ. ಈ ಟ್ರ್ಯಾಕ್ ಕೂಡ ಹಾಗೆಯೇ: 20 ಮೀಟರ್ ಝೋನಿನ ಎರಡು ತುದಿ ತೋರಿಸುವ ಹಳದಿ ಕೊಕ್ಕೆಯಾಕಾರದ ಗುರುತುಗಳು ಎದ್ದು ಕಾಣುತ್ತಿದ್ದವು, 10 ಮೀಟರ್ ಹಿಂದಿನ ಚಿಕ್ಕ ಗುರುತು ಕೆಲವು ಲೇನುಗಳಲ್ಲಿ ಸವೆದುಹೋಗಿತ್ತು.

ಬೆಳಗಿನ ತಾಂತ್ರಿಕ ಸಭೆಯಲ್ಲಿ ರಿಲೇ ಬಗ್ಗೆ ಹೇಳಿದ್ದು ಒಂದೇ ಮಾತು: "ಝೋನ್ ಮೂವತ್ತು ಮೀಟರ್." ಮಾತು ಸರಿಯೇ. ಆದರೆ ಮೂವತ್ತು ಎಲ್ಲಿಂದ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಮೊದಲ ಝೋನಿನಲ್ಲಿ ಮುಖ್ಯ ಅಂಪೈರ್ ತಾವೇ ನಿಂತರು. ಅಲ್ಲಿ ಅಳತೆ ಸರಿಯಿತ್ತು. ಎರಡನೆಯದಕ್ಕೆ ಹೋದವರು ಹಳೆಯ ನಿಯಮದಲ್ಲಿ ಪಳಗಿದ ಮೇಷ್ಟ್ರು. ಅವರಿಗೆ ಬಣ್ಣದ ಕೊಕ್ಕೆಯೇ ಪ್ರಮಾಣ, ಹೊಸ ಟೇಪು ಹಾಕುವ ಅಗತ್ಯವೇ ಕಾಣಲಿಲ್ಲ. ಮೂರನೆಯದಕ್ಕೆ ಹೋದ ಇಬ್ಬರು ಹುಡುಗರು ಬೆಳಿಗ್ಗೆ 4×400ರ ಝೋನ್ ಗುರುತಿಸಲು ನೆರವಾಗಿದ್ದವರು. ಮೂವತ್ತು ಎಂದರೆ ಗೆರೆಯ ಹಿಂದೆ 15, ಮುಂದೆ 15 ಎಂದುಕೊಂಡು ಶ್ರದ್ಧೆಯಿಂದ ಬಿಳಿ ಟೇಪು ಹಾಕಿದರು. ಅಲ್ಲಿಗೆ ಎರಡನೆಯ ಝೋನಿನ ಶುರು 10 ಮೀಟರ್ ತಡವಾಯಿತು. ಮೂರನೆಯದರ ಶುರು 5 ಮೀಟರ್ ತಡ, ಕೊನೆಯೂ 5 ಮೀಟರ್ ತಡ.

ಓಟ

ಗುರಿ ಮುಟ್ಟಿದ ಕ್ರಮ, ಕೈಯಿಂದ ಒತ್ತುವ ಸ್ಟಾಪ್‌ವಾಚಿನ ಸಮಯದಲ್ಲಿ: ಪುಣೆ 54.9, ಮುಂಬೈ 55.4, ಗೋವಾ 55.6, ಸೊಲ್ಲಾಪುರ 57.2, ಸಾಂಗ್ಲಿ 58.3, ಕೊಲ್ಹಾಪುರ 59.0.

ಎರಡನೆಯ ಝೋನಿನಲ್ಲಿ ಗೋವಾದ ಬ್ಯಾಟನ್ ಕೈ ಬದಲಾದದ್ದು ಇಕ್ಕಟ್ಟಿನಲ್ಲಿ. ಮುಂದಿನ ಹುಡುಗಿ ಹೊರಡುವುದು ತಡವಾಗಿ, ಬಂದವಳು ಅವಳ ಬೆನ್ನಿಗೇ ಬಿದ್ದಳು. ಕೈ ಬ್ಯಾಟನ್ನಿಗೆ ತಗುಲಿದ್ದು ನೂರರ ಗೆರೆಗೆ ಸುಮಾರು 12 ಮೀಟರ್ ಹಿಂದೆ. ಮೇಷ್ಟ್ರು ಹಳದಿ ಬಾವುಟ ಎತ್ತಿದರು, ಓಡಿಹೋಗಿ ಆ ಜಾಗದಲ್ಲಿ ಒಂದು ತುಂಡು ಟೇಪು ಅಂಟಿಸಿದರು, ಚೀಟಿಯಲ್ಲಿ ಲೇನ್, ಝೋನ್, ದೂರ ಬರೆದರು. ಅಂಪೈರ್ ಮಾಡಬೇಕಾದ ಕೆಲಸವನ್ನು ಅವರು ಪುಸ್ತಕದಲ್ಲಿದ್ದಂತೆ ಮಾಡಿದರು. ತಪ್ಪಿದ್ದು ನೋಡಿದ ಗೆರೆ ಮಾತ್ರ. ಹತ್ತಾರು ಕೂಟಗಳಲ್ಲಿ ಬಾವುಟ ಎತ್ತಿ ಜಾಗ ಗುರುತಿಸದೆ ಬರುವವರನ್ನು ನೋಡಿದವರಿಗೆ ಆ ಟೇಪಿನ ತುಂಡಿನ ಬೆಲೆ ಗೊತ್ತು. ಮುಂದೆ ಗೋವಾ ತಂಡವನ್ನು ಉಳಿಸಿದ್ದೂ ಅದೇ ತುಂಡು.

ಮೂರನೆಯ ಝೋನಿನ ಕಥೆ ಓಟಕ್ಕೆ ಮೊದಲೇ ಶುರುವಾಗಿತ್ತು. ಹುಡುಗಿಯರು ಕಲಿತ ಪ್ರಕಾರ ಗೆರೆಗೆ 20 ಮೀಟರ್ ಹಿಂದೆ ನಿಂತಿದ್ದರು. ಟೇಪು 15ರಲ್ಲಿ ಇದ್ದುದರಿಂದ ಅವರೆಲ್ಲ ಝೋನಿನ ಹೊರಗೆ ನಿಂತಂತೆ ಕಂಡಿತು. ಝೋನಿನ ಹೊರಗಿನಿಂದ ಓಟ ಶುರು ಮಾಡಿದರೆ ಅನರ್ಹತೆ, ಇದೂ ಈಗಿನ ನಿಯಮವೇ. ಆದ್ದರಿಂದ ಹುಡುಗ ಒಳಗಿನ ಲೇನಿನಿಂದ ಹೊರಕ್ಕೆ ಬರುತ್ತ ಒಬ್ಬೊಬ್ಬರನ್ನೇ ಮುಂದೆ ಸರಿಸಿದ. 3 ಮತ್ತು 4ನೆಯ ಲೇನಿನವರು ಹೊರಡುವ ಕ್ಷಣ ತೋರಿಸುವ ತಮ್ಮ ಗುರುತಿನ ಟೇಪನ್ನೂ ಕಿತ್ತು ಅಷ್ಟೇ ದೂರ ಮುಂದೆ ಅಂಟಿಸಿಕೊಂಡರು. 2 ಮತ್ತು 7ರವರು ಗುರುತೇ ಹಾಕಿರಲಿಲ್ಲ, ಕಣ್ಣಂದಾಜಿನಲ್ಲಿ ಓಡುವವರು. ಗೋವಾದವಳು ಮೊದಲೇ 16ರಲ್ಲಿ ನಿಂತಿದ್ದಳು, ಒಂದು ಹೆಜ್ಜೆ ಸರಿದಳು. ಆರನೆಯ ಲೇನಿಗೆ ಬರುವ ಹೊತ್ತಿಗೆ ಸ್ಟಾರ್ಟರ್ ಸೀಟಿ ಆಗಿತ್ತು.

ಓಟದ ನಂತರ ಸೊಲ್ಲಾಪುರದ ಕೊನೆಯ ಓಟಗಾರ್ತಿ ತನ್ನ ಕೋಚಿಗೆ ಹೇಳಿದ್ದು: "ಅವ್ರು ಮುಂದ ಸರಿ ಅಂದ್ರು ಸರ್, ನಾ ಸರದೆ. ಟೇಪ್ ಅಲ್ಲೇ ಉಳೀತ್ರಿ."

ಆರನೆಯ ಲೇನಿನ ಟೇಪು

ಆ ಮಾತಿನ ತೂಕ ಲೆಕ್ಕದಲ್ಲಿ ಕಾಣುತ್ತದೆ. ಗುರುತಿನ ಟೇಪು ಎಂದರೆ ಲೇನಿನೊಳಗೆ ಓಟಗಾರ್ತಿ ತಾನೇ ಅಂಟಿಸಿಕೊಳ್ಳುವ ಒಂದೇ ಪಟ್ಟಿ. ಅಗಲ 5 ಸೆಂ.ಮೀ., ಉದ್ದ 40 ಸೆಂ.ಮೀ. ಮೀರುವಂತಿಲ್ಲ. ಸೀಮೆಸುಣ್ಣ ಬಳಿಯುವಂತಿಲ್ಲ, ಮಣ್ಣಿನ ಮೈದಾನದಲ್ಲಿ ಕಾಲಲ್ಲಿ ಗೀಚಿ ಅಭ್ಯಾಸವಾದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು. ಬ್ಯಾಟನ್ ತರುತ್ತಿರುವವಳು ಆ ಪಟ್ಟಿ ದಾಟಿದ ಕ್ಷಣ ಮುಂದಿನವಳು ಹಿಂದೆ ನೋಡದೆ ಓಡಬೇಕು.

ಪಟ್ಟಿ ಎಷ್ಟು ಹಿಂದೆ ಇರಬೇಕು? ಬರುವವಳ ವೇಗ ಸೆಕೆಂಡಿಗೆ 7.5 ಮೀಟರ್ ಎನ್ನಿ. ಹೊರಡುವವಳು ನಿಂತಲ್ಲಿಂದ 22 ಮೀಟರ್ ಓಡಲು 3.5 ಸೆಕೆಂಡು ತೆಗೆದುಕೊಳ್ಳುತ್ತಾಳೆ ಎನ್ನಿ. ಅಷ್ಟರಲ್ಲಿ ಬರುವವಳು 26.25 ಮೀಟರ್ ಓಡಿರುತ್ತಾಳೆ. ಇಬ್ಬರ ಚಾಚಿದ ಕೈಗಳ ನಡುವಿನ ಲಾಭ ಸುಮಾರು 1 ಮೀಟರ್, ಆದ್ದರಿಂದ ಅವಳು ತಲುಪಬೇಕಾದದ್ದು 21ನೆಯ ಮೀಟರ್ ಮಾತ್ರ. 26.25ರಲ್ಲಿ 21 ಕಳೆದರೆ 5.25 ಮೀಟರ್. ಪಾದ 25 ಸೆಂ.ಮೀ. ಇದ್ದರೆ 21 ಪಾದ. ಸೊಲ್ಲಾಪುರದವರು ಅಭ್ಯಾಸದಲ್ಲಿ ಇಟ್ಟುಕೊಂಡಿದ್ದೂ 21 ಪಾದವೇ.

ಹುಡುಗಿ 5 ಮೀಟರ್ ಮುಂದೆ ಸರಿದಳು, ಪಟ್ಟಿ ಇದ್ದಲ್ಲೇ ಉಳಿಯಿತು. ಅಂತರ 10.25 ಆಯಿತು. ಪಟ್ಟಿ ದಾಟಿದ್ದನ್ನು ಕಂಡು ಅವಳು ಹೊರಟಾಗ ಬರುವವಳು ಇನ್ನೂ 10 ಮೀಟರ್ ಹಿಂದೆ. ಆ ದೂರವನ್ನು 30 ಮೀಟರಿನೊಳಗೆ ಮುಚ್ಚಲು ಸಾಧ್ಯವಿಲ್ಲ, ಏಕೆಂದರೆ 20 ಮೀಟರ್ ದಾಟುವ ಹೊತ್ತಿಗೆ ಇಬ್ಬರ ವೇಗ ಹತ್ತಿರ ಹತ್ತಿರ ಒಂದೇ. ಅವಳು ಕೈ ಹಿಂದಕ್ಕೆ ಚಾಚಿದಳು, ಏನೂ ಸಿಗಲಿಲ್ಲ. ತಿರುಗಿ ನೋಡಿದಳು, ಬ್ರೇಕು ಹಾಕಿ ಹೆಚ್ಚು ಕಡಿಮೆ ನಿಂತೇಬಿಟ್ಟಳು. ಬ್ಯಾಟನ್ ಕೈಗೆ ಬಂದದ್ದು ಗೆರೆಗೆ ಸುಮಾರು 14 ಮೀಟರ್ ಮುಂದೆ: ಹುಡುಗರ ಟೇಪಿನ ಪ್ರಕಾರ ಝೋನಿನ ಒಳಗೆ, ನಿಯಮದ ಪ್ರಕಾರ 4 ಮೀಟರ್ ಹೊರಗೆ. ಅಲ್ಲಿ ಕಳೆದುಕೊಂಡದ್ದು ಒಂದೂವರೆ ಸೆಕೆಂಡಿಗಿಂತ ಕಡಿಮೆಯಿಲ್ಲ.

ಮುಂಬೈಯವರು ಟೇಪು ಸರಿಸಿಕೊಂಡಿದ್ದರಿಂದ ಓಟ ಕೆಡಲಿಲ್ಲ. ಆದರೆ ಅವರ ಬ್ಯಾಟನ್ ಪೂರ್ತಿಯಾಗಿ ಮುಂದಿನ ಕೈಗೆ ಸೇರಿದ್ದು ಗೆರೆಗೆ 11ರಿಂದ 12 ಮೀಟರ್ ಮುಂದೆ. ಪುಣೆಯವರದು ಸುಮಾರು 7ರಲ್ಲಿ, ಯಾವ ಅಳತೆಗೂ ಸರಿ.

ಆಕ್ಷೇಪಣೆ

ಫಲಿತಾಂಶ ಘೋಷಣೆ 11:25ಕ್ಕೆ, ಹಳದಿ ಬಾವುಟ ಎದ್ದಿದ್ದ ಗೋವಾ ಅನರ್ಹ. ನಿಯಮದ ಪ್ರಕಾರ ಘೋಷಣೆಯಿಂದ 30 ನಿಮಿಷದೊಳಗೆ ರೆಫರಿಯ ಮುಂದೆ ಬಾಯಿಮಾತಿನಲ್ಲಿ ಆಕ್ಷೇಪಿಸಬೇಕು. ಆಕ್ಷೇಪಣೆ ಅಥ್ಲೀಟ್ ಮಾಡಬಹುದು, ಅಥವಾ ಆಕೆಯ ಪರವಾಗಿ ತಂಡದ ಮ್ಯಾನೇಜರ್. ಮೊದಲು ಬಂದವರು ಗೋವಾದವರು, 11:32ಕ್ಕೆ. ಅವರ ವಾದ ಚಿಕ್ಕದು: "ಸರ್, ನಿಮ್ಮ ಅಂಪೈರೇ ಟೇಪು ಅಂಟಿಸಿದ್ದಾರೆ, ಬನ್ನಿ, ಗೆರೆಯಿಂದ ಅಳೆಯೋಣ." 11:40ಕ್ಕೆ ಸೊಲ್ಲಾಪುರದ ಕೋಚ್ ಬಂದರು.

ರೆಫರಿ ಅಳತೆ ಟೇಪು ಹಿಡಿದು ಎರಡನೆಯ ಝೋನಿಗೆ ನಡೆದರು. ಗುರುತು ಗೆರೆಯಿಂದ 11.8 ಮೀಟರ್ ಹಿಂದೆ ಇತ್ತು. 20ರೊಳಗೆ, ಆದ್ದರಿಂದ ತಪ್ಪಿಲ್ಲ. ಅನರ್ಹತೆ ರದ್ದಾಗಿ ಗೋವಾಕ್ಕೆ ಮೂರನೆಯ ಸ್ಥಾನ ಮರಳಿತು. ಇಲ್ಲಿಯವರೆಗೆ ಎಲ್ಲ ಸರಿ.

ಸೊಲ್ಲಾಪುರದ ವಿಷಯದಲ್ಲಿ ಅವರು ಹೇಳಿದ್ದು: ಎಲ್ಲ ಆರು ಲೇನಿನವರಿಗೂ ಒಂದೇ ಸೂಚನೆ ಕೊಟ್ಟಿದೆ, ಟೇಪು ಸರಿಸಿಕೊಳ್ಳುವುದು ಓಟಗಾರ್ತಿಯ ಜವಾಬ್ದಾರಿ, ಆಕ್ಷೇಪಣೆ ತಳ್ಳಿದೆ. ನಮ್ಮ ಅಭಿಪ್ರಾಯದಲ್ಲಿ ಅವರು ಎಡವಿದ್ದು ಇಲ್ಲಿ. ಎರಡನೆಯ ಝೋನಿನ ಅಳತೆ ತಪ್ಪೆಂದು ಕಂಡ ಕೂಡಲೇ ಮೂರನೆಯದನ್ನೂ ಅಳೆದಿದ್ದರೆ ಸೂಚನೆಯೇ ತಪ್ಪು ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಓಟವನ್ನು ರದ್ದು ಮಾಡಿ ಮತ್ತೆ ಓಡಿಸುವ ಅಧಿಕಾರ ರೆಫರಿಗೇ ಇದೆ. ಆದರೆ ಮಧ್ಯಾಹ್ನದ ವೇಳಾಪಟ್ಟಿ ಅವರ ಕೈಯಲ್ಲಿತ್ತು, ಹೈಜಂಪ್ ಆಗಲೇ ತಡವಾಗಿತ್ತು.

ನಿರ್ಧಾರ ತಿಳಿಸಿದ್ದು 12:10ಕ್ಕೆ. ಅಲ್ಲಿಂದ ಮತ್ತೆ 30 ನಿಮಿಷದೊಳಗೆ ಮೇಲ್ಮನವಿ ಲಿಖಿತವಾಗಿ, ಸಹಿ ಹಾಕಿ, ನಿಗದಿಯಾದ ಠೇವಣಿಯೊಂದಿಗೆ ಹೋಗಬೇಕು. 12:30ಕ್ಕೆ ಸೊಲ್ಲಾಪುರದ ಅರ್ಜಿ ಬಂತು. ಇಂಥ ಅರ್ಜಿಗಳಲ್ಲಿ ನೋವು ಬರೆದಷ್ಟು ದೂರ ಬರೆದಿರುವುದಿಲ್ಲ. ಇದರಲ್ಲಿ ಹಾಗಾಗಲಿಲ್ಲ. ಮೂರೇ ವಾಕ್ಯ: ಮೂರನೆಯ ಝೋನಿನ ಟೇಪು ಗೆರೆಯಿಂದ 15 ಮೀಟರಿನಲ್ಲಿದೆ, ಇರಬೇಕಾದದ್ದು 20ರಲ್ಲಿ. ನಿಯಮಬದ್ಧವಾಗಿ ನಿಂತಿದ್ದ ನಮ್ಮ ಓಟಗಾರ್ತಿಯನ್ನು ಅಧಿಕಾರಿ ಓಟಕ್ಕೆ ಮೊದಲು ಸರಿಸಿದ್ದಾರೆ. ಟೇಪು ಈಗಲೂ ಟ್ರ್ಯಾಕಿನ ಮೇಲಿದೆ, ದಯವಿಟ್ಟು ತೆಗೆಯುವ ಮೊದಲು ಅಳೆಯಿರಿ.

ಕೊನೆಯ ವಾಕ್ಯವೇ ಪ್ರಕರಣವನ್ನು ಗೆದ್ದುಕೊಟ್ಟಿತು. ಮುಂದಿನ ಸ್ಪರ್ಧೆಗೆಂದು ಹುಡುಗರು ಟೇಪು ಕೀಳಲು ಹೊರಟಿದ್ದರು.

ಜ್ಯೂರಿ

ಮೇಲ್ಮನವಿಯ ಜ್ಯೂರಿಯಲ್ಲಿ ಮೂವರು, ಐವರು ಅಥವಾ ಏಳು ಮಂದಿ ಇರುತ್ತಾರೆ, ಇಲ್ಲಿ ಮೂವರು. ಅವರು ಮೊದಲು ಮಾಡಿದ್ದು ಅಳತೆ, ಆಮೇಲೆ ವಿಚಾರಣೆ.

ಅಳತೆಯಲ್ಲೇ ಒಂದು ಸೂಕ್ಷ್ಮವಿದೆ. ಮೂರನೆಯ ಝೋನ್ ಪೂರ್ತಿ ತಿರುವಿನ ಮೇಲೆ ಇರುತ್ತದೆ. ದೂರವನ್ನು ಲೇನಿನ ಒಳಗೆರೆಯಿಂದ 20 ಸೆಂ.ಮೀ. ಹೊರಗೆ, ಕಮಾನಿನ ಉದ್ದಕ್ಕೂ ಅಳೆಯಬೇಕು. ದಂಡೆ ಇರುವ ಮೊದಲ ಲೇನಿನಲ್ಲಿ 30 ಸೆಂ.ಮೀ. ಹೊರಗೆ. ಅಳತೆ ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಗಿಯಾಗಿ ನೆಟ್ಟಗೆ ಎಳೆದರೆ ಅದು ತಿರುವನ್ನು ಕತ್ತರಿಸಿ ಹೋಗುತ್ತದೆ. ಆರನೆಯ ಲೇನಿನಲ್ಲಿ ಹೀಗೆ ನೆಟ್ಟಗೆ 30 ಮೀಟರ್ ಎಳೆದರೆ ನೆಲದ ಮೇಲಿನ ನಿಜವಾದ ದೂರ ಸುಮಾರು 30.65 ಮೀಟರ್. ಅರ್ಧ ಮೀಟರಿಗೂ ಮಿಕ್ಕ ತಪ್ಪು! ಐದೈದು ಮೀಟರಿನ ತುಂಡುಗಳಾಗಿ, ಪ್ರತಿ ತುಂಡಿಗೂ ಮೊಳೆಯ ಬದಲು ಒಬ್ಬರ ಕಾಲು ಒತ್ತಿ ಅಳೆದರೆ ಇಡೀ ಮೂವತ್ತಕ್ಕೆ ತಪ್ಪು ಎರಡು ಸೆಂ.ಮೀ. ಒಳಗೆ ಉಳಿಯುತ್ತದೆ. ಜ್ಯೂರಿ ಹಾಗೆಯೇ ಅಳೆದು ಟೇಪು 15ರಲ್ಲಿ ಇದ್ದುದನ್ನು ಖಚಿತಪಡಿಸಿಕೊಂಡಿತು.

ಇನ್ನು ವಿಡಿಯೊ. ಅಧಿಕೃತ ಕ್ಯಾಮೆರಾ ಇರಲಿಲ್ಲ. ಆದರೆ ಲಭ್ಯವಿರುವ ಯಾವ ದೃಶ್ಯವನ್ನಾದರೂ ರೆಫರಿಯಾಗಲಿ ಜ್ಯೂರಿಯಾಗಲಿ ಪರಿಶೀಲಿಸಬಹುದು. ಗ್ಯಾಲರಿಯಿಂದ ಪೋಷಕರೊಬ್ಬರು ಮೊಬೈಲಿನಲ್ಲಿ ತೆಗೆದದ್ದು ಸಿಕ್ಕಿತು. ಸೆಕೆಂಡಿಗೆ 30 ಚೌಕಟ್ಟು (ಫ್ರೇಮ್), ಓಟದ ವೇಗ 7.5 ಮೀಟರ್, ಅಲ್ಲಿಗೆ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಬ್ಯಾಟನ್ 25 ಸೆಂ.ಮೀ. ಸಾಗುತ್ತದೆ. ಓರೆಯಾಗಿ ತೆಗೆದ ದೃಶ್ಯದಲ್ಲಿ ಎದೆಯ ಎತ್ತರದ ಬ್ಯಾಟನ್ ನೆಲದ ಯಾವ ಬಿಂದುವಿನ ಮೇಲಿದೆ ಎಂದು ಹೇಳುವುದು ಇನ್ನೂ ಕಷ್ಟ. ಆದ್ದರಿಂದ ಮುಂಬೈಯ ಹಸ್ತಾಂತರವನ್ನು "11ರಿಂದ 12 ಮೀಟರಿನ ನಡುವೆ" ಎಂದಷ್ಟೇ ದಾಖಲಿಸಿದರು. ಅದು ವಿವೇಕದ ಕೆಲಸ. ನೋಡಬೇಕಾದದ್ದು ಬ್ಯಾಟನ್ ಎಲ್ಲಿದೆ ಎಂಬುದನ್ನು ಮಾತ್ರ. ಕಾಲು, ಮೈ, ತಲೆ ಯಾವ ಕಡೆ ಇದ್ದರೂ ಲೆಕ್ಕಕ್ಕಿಲ್ಲ. ಮುಂದಿನವಳ ಕೈ ಮೊದಲು ತಗುಲಿದಾಗ ಹಸ್ತಾಂತರ ಶುರು, ಅವಳೊಬ್ಬಳ ಕೈಯಲ್ಲೇ ಉಳಿದಾಗ ಮುಗಿಯಿತು, ಈ ಎರಡೂ ಝೋನಿನೊಳಗೆ ಆಗಬೇಕು.

ಮುಂದೆ ನಾಲ್ಕು ದಾರಿಗಳಿದ್ದವು. ಒಂದು, ರೆಫರಿಯ ಫಲಿತಾಂಶವನ್ನೇ ಉಳಿಸುವುದು. ಆಗ ಅಧಿಕಾರಿಯ ತಪ್ಪಿನ ಭಾರ ಪೂರ್ತಿ ಸೊಲ್ಲಾಪುರದ ಮೇಲೆ. ಎರಡು, ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದು ಮುಂಬೈ, ಸೊಲ್ಲಾಪುರ ಎರಡನ್ನೂ ಅನರ್ಹಗೊಳಿಸುವುದು. ಇದಕ್ಕೆ ಮುಂಬೈ ಮ್ಯಾನೇಜರ್ ಕೊಟ್ಟ ಉತ್ತರಕ್ಕೆ ಎದುರುತ್ತರವಿರಲಿಲ್ಲ: "ನೀವು ಹಾಕಿದ ಟೇಪಿನೊಳಗೆ ಕೊಟ್ಟಿದ್ದೇವೆ. ಇನ್ನೆಲ್ಲಿ ಕೊಡಬೇಕಿತ್ತು, ಹೇಳಿ?"

ಮೂರನೆಯದು, ಸೊಲ್ಲಾಪುರವನ್ನು ಮಾತ್ರ ಒಂಟಿಯಾಗಿ ಓಡಿಸಿ ಸಮಯ ಹೋಲಿಸುವುದು. ಇದಕ್ಕೊಂದು ಪ್ರಸಿದ್ಧ ಮಾದರಿಯಿದೆ. ರಿಯೋದಲ್ಲೇ ಮಹಿಳೆಯರ ಹೀಟ್ಸಿನಲ್ಲಿ ಬ್ರೆಜಿಲ್ ಓಟಗಾರ್ತಿ ತಗುಲಿ ಅಮೆರಿಕದ ಬ್ಯಾಟನ್ ಬಿತ್ತು, ಮೇಲ್ಮನವಿಯ ನಂತರ ಅವರು ಖಾಲಿ ಟ್ರ್ಯಾಕಿನಲ್ಲಿ ಒಂಟಿಯಾಗಿ ಓಡಿ 41.77ರಲ್ಲಿ ಮುಗಿಸಿದರು, ಚೀನಾ ಫೈನಲ್ಲಿನಿಂದ ಹೊರಬಿತ್ತು, ಕೊನೆಗೆ ಅಮೆರಿಕವೇ ಚಿನ್ನ ಗೆದ್ದಿತು. ಜ್ಯೂರಿಯಲ್ಲೊಬ್ಬರು ಇದನ್ನೇ ಎತ್ತಿದರು. ಆದರೆ ಅದು ಸಮಯದ ಮೇಲೆ ಅರ್ಹತೆ ನಿಲ್ಲುವ ಹೀಟ್ಸ್, ಎಲೆಕ್ಟ್ರಾನಿಕ್ ಸಮಯ. ಇಲ್ಲಿ ಪದಕದ ಫೈನಲ್, ಕೈಯಿಂದ ಒತ್ತುವ ಸ್ಟಾಪ್‌ವಾಚ್, ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಹೋಲಿಕೆ. ಪಕ್ಕದಲ್ಲಿ ಯಾರೂ ಇಲ್ಲದೆ ಓಡಿದವರನ್ನು ಐವರ ನಡುವೆ ಓಡಿದವರ ಜೊತೆ 0.2 ಸೆಕೆಂಡಿನ ಲೆಕ್ಕದಲ್ಲಿ ತೂಗುವುದು ಸರಿಯಾಗದು.

ಉಳಿದದ್ದು ನಾಲ್ಕನೆಯದು: ಓಟ ರದ್ದು, ಆರೂ ತಂಡ ಮತ್ತೆ ಓಡಬೇಕು, ಅದೇ ಲೇನುಗಳಲ್ಲಿ. ತೀರ್ಪು 1:40ಕ್ಕೆ ಬಂತು, ಠೇವಣಿ ವಾಪಸಾಯಿತು. 200 ಮೀಟರಿನವರೆಗಿನ ಓಟಗಳಲ್ಲಿ ಎರಡು ಸುತ್ತಿನ ನಡುವೆ ಕನಿಷ್ಠ 45 ನಿಮಿಷ ಬಿಡುವು ಇರಬೇಕೆಂಬ ನಿಯಮವನ್ನು ಅಳತೆಗೋಲಾಗಿ ಹಿಡಿದರು. ನಾಲ್ಕು ಹುಡುಗಿಯರಿಗೆ 3 ಗಂಟೆಗೆ 200 ಮೀಟರ್ ಫೈನಲ್ ಇದ್ದುದರಿಂದ ಮರು-ಓಟ 4:30ಕ್ಕೆ ನಿಂತಿತು.

ಮರು-ಓಟ

ಪುಣೆ 54.7, ಗೋವಾ 55.1, ಸೊಲ್ಲಾಪುರ 55.3, ಮುಂಬೈ 55.9. ಮುಂಬೈಯ ಎರಡನೆಯ ಓಟಗಾರ್ತಿ 200 ಮೀಟರ್ ಫೈನಲ್ ಓಡಿ ಬಂದಿದ್ದಳು, ಕಾಲಿನ ಹಿಂಭಾಗದ ಸ್ನಾಯು ಬಿಗಿದಿತ್ತು. ಬೆಳಿಗ್ಗೆ ಬೆಳ್ಳಿ ಕೈಗೆ ಬಂದಂತಿದ್ದ ತಂಡ ಸಂಜೆ ಬರಿಗೈಯಲ್ಲಿ ದಾದರಿನ ರೈಲು ಹತ್ತಿತು.

ಜ್ಯೂರಿ ಸರಿಯಾದ ತೀರ್ಪನ್ನೇ ಕೊಟ್ಟಿತು ಎನ್ನಬೇಕು. ಆದರೂ ಮರು-ಓಟದಿಂದ ಎಲ್ಲರಿಗೂ ಸಮಾನ ನ್ಯಾಯ ಸಿಗುತ್ತದೆ ಎಂಬುದು ಅರ್ಧ ಮಾತು. ಒಂದೇ ದಿನ ಎರಡು ಮೂರು ಸ್ಪರ್ಧೆ ಓಡುವ ಹುಡುಗಿಯರಿರುವ ಚಿಕ್ಕ ತಂಡಕ್ಕೆ ಅದು ದುಬಾರಿ. ಮರುದಿನ ಬೆಳಿಗ್ಗೆ ಓಡಿಸುವ ಅವಕಾಶ ಇತ್ತು, ಅಥ್ಲೆಟಿಕ್ಸ್ ಎರಡು ದಿನದ್ದು. ಬಹುಮಾನ ವಿತರಣೆ ಆ ದಿನವೇ ಮುಗಿಯಬೇಕೆಂಬ ಸಂಘಟಕರ ಒತ್ತಡಕ್ಕೆ ಜ್ಯೂರಿ ಮಣಿದದ್ದು ನಮಗೆ ಒಪ್ಪಿಗೆಯಿಲ್ಲ.

ಗೆರೆ ಹಾಕುವ ಕ್ರಮ

ಮರು-ಓಟಕ್ಕೆ ಮೊದಲು ಮುಖ್ಯ ಅಂಪೈರ್ ಮೂರೂ ಝೋನುಗಳನ್ನು ತಾವೇ ಮತ್ತೆ ಹಾಕಿಸಿದರು. ಆ ಕ್ರಮವನ್ನು ಇಂಥ ಕೂಟ ನಡೆಸುವವರು ಹಾಗೆಯೇ ಎತ್ತಿಕೊಳ್ಳಬಹುದು.

ಬಣ್ಣದ ಕೊಕ್ಕೆಗಳನ್ನು ನಂಬುವ ಮೊದಲು ನೂರರ ಗೆರೆಯನ್ನು ಹುಡುಕಬೇಕು. ಇಡೀ ಓಟ ಲೇನಿನಲ್ಲೇ ನಡೆಯುವುದರಿಂದ ಮೊದಲ ಲೇನಿಗಿಂತ ಉಳಿದ ಲೇನುಗಳ ಶುರುಗೆರೆ ಮುಂದಿರುವ ದೂರ (ಸ್ಟ್ಯಾಗರ್) 400 ಮೀಟರಿನದೇ: 1.22 ಮೀಟರ್ ಅಗಲದ ಲೇನಿಗೆ ಎರಡನೆಯದರಲ್ಲಿ 7.04, ಮೂರರಲ್ಲಿ 14.70, ನಾಲ್ಕರಲ್ಲಿ 22.37, ಐದರಲ್ಲಿ 30.03, ಆರರಲ್ಲಿ 37.70, ಏಳರಲ್ಲಿ 45.37 ಮೀಟರ್. ಎರಡನೆಯ ಝೋನಿನ ಹೊತ್ತಿಗೆ ಒಂದು ತಿರುವು ಕಳೆದಿರುವುದರಿಂದ ಇದರ ಅರ್ಧ ಉಳಿದಿರುತ್ತದೆ. ಆರನೆಯ ಲೇನಿನ ಗೆರೆ ಮೊದಲ ಲೇನಿನದಕ್ಕಿಂತ 18.85 ಮೀಟರ್ ಮುಂದೆ. ಮೂರನೆಯದರಲ್ಲಿ ಎಲ್ಲ ಲೇನಿನ ಗೆರೆಗಳೂ ಹೆಚ್ಚು ಕಡಿಮೆ ಒಂದೇ ಸಾಲಿಗೆ ಬರುತ್ತವೆ. ಕಣ್ಣಿಗೆ ಈ ಮೂರು ಚಿತ್ರ ಹೊಂದದಿದ್ದರೆ ಗೆರೆ ತಪ್ಪಾಗಿ ಹಿಡಿದಿದ್ದೀರಿ ಎಂದೇ ಅರ್ಥ.

ಗೆರೆ ಸಿಕ್ಕ ಮೇಲೆ ಹಿಂದಕ್ಕೆ 20, ಮುಂದಕ್ಕೆ 10. ಹಳೆಯ ಬಣ್ಣವಿರುವಲ್ಲಿ ಇನ್ನೂ ಸುಲಭ: ಮುಂದಿನ ಕೊಕ್ಕೆಯನ್ನು ಮುಟ್ಟಬೇಡಿ, ಅದು ಈಗಲೂ ಝೋನಿನ ಕೊನೆಯೇ. ಹಿಂದಿನ ಕೊಕ್ಕೆಯ ಮೇಲೆ ಟ್ರ್ಯಾಕಿನದೇ ಬಣ್ಣದ ಟೇಪು ಮುಚ್ಚಿಬಿಡಿ, ಅದರಿಂದ 10 ಮೀಟರ್ ಹಿಂದೆ ಹೊಸ ಟೇಪು ಹಾಕಿ. ಮುಚ್ಚುವ ಕೆಲಸವನ್ನು ಎಲ್ಲರೂ ಬಿಡುತ್ತಾರೆ. ಎರಡನೆಯ ಝೋನಿನ ಮೇಷ್ಟ್ರ ಕಣ್ಣಿಗೆ ಆ ಕೊಕ್ಕೆ ಬೀಳದಿದ್ದರೆ ಬಾವುಟವೂ ಏಳುತ್ತಿರಲಿಲ್ಲ. ಪುಣೆಯ ಚಳಿಗಾಲದ ಬೆಳಗಿನಲ್ಲಿ ಟ್ರ್ಯಾಕ್ ಇಬ್ಬನಿಯಿಂದ ಒದ್ದೆಯಾಗಿರುತ್ತದೆ, ಒರೆಸದೆ ಅಂಟಿಸಿದ ಟೇಪು ಎರಡನೆಯ ಓಟಕ್ಕೇ ಏಳುತ್ತದೆ.

ಜನ: ಝೋನಿಗೆ ನಾಲ್ವರು, ಇಬ್ಬರು ಶುರುವಿನ ಗೆರೆಗೆ, ಇಬ್ಬರು ಕೊನೆಯ ಗೆರೆಗೆ, ಒಬ್ಬೊಬ್ಬರಿಗೆ ಮೂರು ಲೇನ್. ಮೂರು ಝೋನಿಗೆ ಹನ್ನೆರಡು ಮಂದಿ. ಅಷ್ಟು ಜನ ಇಲ್ಲದಿದ್ದರೆ ಆ ಹತ್ತು ನಿಮಿಷ ಮೈದಾನದ ಬೇರೆ ಸ್ಪರ್ಧೆ ನಿಲ್ಲಿಸಿ ಅಲ್ಲಿಂದ ಕರೆತರುವುದೇ ಮೇಲು. ಪ್ರತಿಯೊಬ್ಬರ ಜೇಬಿನಲ್ಲೂ ಟೇಪಿನ ತುಂಡು, ಚೀಟಿ, ಪೆನ್ನು. ಓಟಗಾರ್ತಿಯರನ್ನು ಝೋನಿಗೆ ಕರೆದೊಯ್ದ ಮೇಲೆ ಗುರುತು ಹಾಕಿಕೊಳ್ಳಲು ಐದು ನಿಮಿಷ ಬಿಡಬೇಕು. ಯಾರನ್ನಾದರೂ ಸರಿಸಬೇಕಾಗಿ ಬಂದರೆ ಅಂಪೈರ್ ಬಿಳಿ ಬಾವುಟ ಎತ್ತಬಾರದು. ಮೂರೂ ಝೋನಿನಿಂದ ಬಿಳಿ ಬಾವುಟ ಕಾಣುವವರೆಗೆ ಸ್ಟಾರ್ಟರ್ ಸೀಟಿ ಊದಬಾರದು. ಬೆಳಗಿನ ಓಟದಲ್ಲಿ ಸ್ಟಾರ್ಟರ್ ನೋಡಿದ್ದು ಮೊದಲ ಝೋನಿನ ಬಾವುಟವನ್ನು ಮಾತ್ರ, ಉಳಿದೆರಡಕ್ಕೆ ಬಿಳಿ ಬಾವುಟವನ್ನೇ ಕೊಟ್ಟಿರಲಿಲ್ಲ.

ಬ್ಯಾಟನ್ನುಗಳನ್ನೂ ಕಾಲ್ ರೂಮಿನಲ್ಲೇ (ಓಟಕ್ಕೆ ಮೊದಲು ಸ್ಪರ್ಧಿಗಳನ್ನು ಸೇರಿಸುವ ಜಾಗ) ನೋಡಿಬಿಡಬೇಕು: ಉದ್ದ 28ರಿಂದ 30 ಸೆಂ.ಮೀ., ತೂಕ 50 ಗ್ರಾಂಗೆ ಕಡಿಮೆಯಿಲ್ಲದಂತೆ, ಒಳಗೆ ಪೊಳ್ಳು, ಮೇಲೆ ನುಣುಪು. ಈ ಕೂಟದಲ್ಲಿ ಒಂದು ತಂಡ ಹಿಡಿತಕ್ಕೆಂದು ಬ್ಯಾಟನ್ನಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬಂದಿತ್ತು, ಬಿಚ್ಚಿಸಿದರು.

ಮರುದಿನ ಬೆಳಿಗ್ಗೆ 4×400 ಇತ್ತು. ರಾತ್ರಿಯೇ 4×100ರ ಟೇಪುಗಳನ್ನೆಲ್ಲ ಕಿತ್ತು, ಗುರಿಗೆರೆಯ ಹಿಂದೆ 10, ಮುಂದೆ 10 ಹೊಸದಾಗಿ ಅಳೆದರು. ಈ ಸಲ ಟೇಪು ಹಿಡಿದದ್ದು ಮೂರನೆಯ ಝೋನಿನ ಅದೇ ಹುಡುಗರು, ಪಕ್ಕದಲ್ಲಿ ಅಳತೆ ಓದಿ ಹೇಳಿದ್ದು ಎರಡನೆಯ ಝೋನಿನ ಮೇಷ್ಟ್ರು.